‘ಹೊತ್ತು ಮುಳುಗಿತು’: ಅಲಂಕಾರಪಾಠದ ಒಂದು ಚರಿತ್ರೆ

ಕನ್ನಡ ವ್ಯಾಕರಣಪಾಠದಲ್ಲಿ ಅಲಂಕಾರಕ್ಕೆ ಮೀಸಲಾದ ಪ್ರಶ್ನೆಯೊಂದು ತಲೆಮಾರುಗಳಿಂದ ಒಂದೇ ರೂಪದಲ್ಲಿ ಉಳಿದುಬಂದಿದೆ. ಒಂದು ವಾಕ್ಯವನ್ನು ಕೊಟ್ಟು, ಅದರಲ್ಲಿರುವ ಅಲಂಕಾರವನ್ನು ಹೆಸರಿಸಿ, ಲಕ್ಷಣ ಬರೆದು, ಸಮನ್ವಯಗೊಳಿಸಬೇಕೆಂದು ವಿದ್ಯಾರ್ಥಿಗೆ ಹೇಳಲಾಗುತ್ತದೆ. ಉಪಮೇಯ, ಉಪಮಾನ, ಸಮಾನಧರ್ಮ, ವಾಚಕಪದ ಎಂಬ ನಾಲ್ಕು ಅಂಗಗಳನ್ನು ಬೇರ್ಪಡಿಸಿ ಬರೆದರೆ ಉತ್ತರ ಪೂರ್ಣವಾಗುತ್ತದೆ. ಹನ್ನೆರಡು ಹದಿಮೂರು ವಯಸ್ಸಿನ ಮಕ್ಕಳು ಈ ಕ್ರಮವನ್ನು ಬೇಗನೆ ಕಲಿಯುತ್ತಾರೆ. ‘ಅಂತೆ’ ಕಂಡರೆ ಉಪಮೆ, ‘ಎಂಬಂತೆ’ ಕಂಡರೆ ಉತ್ಪ್ರೇಕ್ಷೆ ಎಂಬ ಗುರುತು ಅವರಿಗೆ ಸಿದ್ಧಿಸುತ್ತದೆ. ಆದರೆ ಆ ವಾಕ್ಯವನ್ನು ನುಡಿದವನಿಗೆ ಹೋಲಿಕೆ ಏಕೆ ಬೇಕಾಯಿತು, ಹೋಲಿಕೆಯನ್ನು ತೆಗೆದುಹಾಕಿದರೆ ಏನು ನಷ್ಟವಾಗುತ್ತದೆ ಎಂಬುದನ್ನು ಉತ್ತರಪತ್ರಿಕೆ ಕೇಳುವುದಿಲ್ಲ.

ಹೆಸರನ್ನು ಬಲ್ಲವನು ಅಲಂಕಾರವನ್ನು ಬಲ್ಲನೇ? ಇದು ಆಧುನಿಕ ಶಿಕ್ಷಣವು ಹುಟ್ಟಿಸಿದ ಪ್ರಶ್ನೆಯಲ್ಲ. ಭಾರತೀಯ ಅಲಂಕಾರಶಾಸ್ತ್ರವು ತನ್ನ ಮೊದಲ ಶತಮಾನಗಳಲ್ಲಿಯೇ ಇದನ್ನು ಎದುರಿಸಿತ್ತು. ಅದಕ್ಕೆ ಸಾಕ್ಷಿಯಾಗಿ ನಿಂತಿರುವುದು ಯಾವ ಮಹಾಕಾವ್ಯದ ಪದ್ಯವೂ ಅಲ್ಲ. ಸೂರ್ಯನು ಮುಳುಗಿದನೆಂದು ತಿಳಿಸುವ ಒಂದು ಸಾಧಾರಣ ಮಾತು.

ಭಾಮಹನು ‘ಕಾವ್ಯಾಲಂಕಾರ’ದಲ್ಲಿ ವಕ್ರೋಕ್ತಿಯಿಲ್ಲದೆ ಅಲಂಕಾರವೇ ಇಲ್ಲವೆಂದು ಸಾಧಿಸುತ್ತಾನೆ. ಮಾತು ನೇರವಾದ ಹಾದಿಯನ್ನು ಬಿಟ್ಟು ಒಂದು ಬಾಗನ್ನು ಪಡೆದಾಗ ಮಾತ್ರ ಅದು ಕಾವ್ಯ ಎಂಬುದು ಅವನ ನಿಲುವು. ಆದ್ದರಿಂದಲೇ ಹೇತು, ಸೂಕ್ಷ್ಮ, ಲೇಶ ಎಂಬ ಮೂರನ್ನು ಅವನು ಅಲಂಕಾರಗಳೆಂದು ಒಪ್ಪುವುದಿಲ್ಲ. ಸೂರ್ಯ ಮುಳುಗಿದ, ಚಂದ್ರ ಬೆಳಗುತ್ತಿದ್ದಾನೆ, ಹಕ್ಕಿಗಳು ಗೂಡಿಗೆ ಮರಳುತ್ತಿವೆ ಎಂಬಂತಹ ಮಾತು ಬರಿಯ ವಾರ್ತೆಯಲ್ಲದೆ ಕಾವ್ಯವಾಗದು ಎಂಬುದು ಅವನ ತೀರ್ಪು. ದಂಡಿಯ ‘ಕಾವ್ಯಾದರ್ಶ’ವು ಇದೇ ಮಾತನ್ನು ಎತ್ತಿಕೊಂಡು ಬೇರೊಂದು ತೀರ್ಪನ್ನು ನೀಡುತ್ತದೆ. ಕಾಲದ ಸ್ಥಿತಿಯನ್ನು ತಿಳಿಸಬೇಕಾದ ಸಂದರ್ಭದಲ್ಲಿ ಅದೂ ಸೊಗಸಾದ ಮಾತೇ ಎಂದು ದಂಡಿ ಹೇಳುತ್ತಾನೆ. ಭಾಮಹನು ತಳ್ಳಿಹಾಕಿದ ಆ ಮೂರೂ ಅವನಿಗೆ ಮಾತಿನ ಉತ್ತಮ ಭೂಷಣಗಳು.

ಇಬ್ಬರಲ್ಲಿ ಹಿಂದಿನವರು ಯಾರೆಂಬ ವಿಷಯದಲ್ಲಿ ದೀರ್ಘ ಚರ್ಚೆ ನಡೆದಿದೆ; ಭಾಮಹನೇ ಮೊದಲಿಗನೆಂಬುದು ಹೆಚ್ಚಿನ ವಿದ್ವಾಂಸರು ಒಪ್ಪಿರುವ ಅಭಿಪ್ರಾಯ. ಕಾಲನಿರ್ಣಯಕ್ಕಿಂತ ಇಲ್ಲಿ ಮುಖ್ಯವಾದುದು ಇವರ ಭಿನ್ನತೆಯ ಸ್ವರೂಪ. ಭಾಮಹನು ಮಾತಿನ ರಚನೆಯನ್ನು ನೋಡಿದನು. ದಂಡಿ ಮಾತಿನ ಪ್ರಯೋಜನವನ್ನೂ ನೋಡಿದನು. ಪದಗಳು ಅವೇ ಇದ್ದರೂ ಅವು ಯಾವ ಕೆಲಸಕ್ಕಾಗಿ ಬಂದಿವೆ ಎಂಬುದರಿಂದ ಬೆಲೆ ಬದಲಾಗುತ್ತದೆ ಎಂಬ ತಿಳಿವು ದಂಡಿಯ ಉತ್ತರದಲ್ಲಿ ಅಡಗಿದೆ.

ಈ ಇಬ್ಬರ ಗ್ರಂಥಗಳನ್ನೂ ಬಲ್ಲವನಾಗಿ, ಅವುಗಳನ್ನು ಕನ್ನಡದ ಅಗತ್ಯಕ್ಕೆ ಒಗ್ಗಿಸಿ ಬರೆದ ಕೃತಿ ‘ಕವಿರಾಜಮಾರ್ಗ’. ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಕ್ರಿ.ಶ. 850ರ ಸುಮಾರಿಗೆ ಇದು ರಚಿತವಾಯಿತು. ಕರ್ತೃ ನೃಪತುಂಗನೇ ಎಂಬ ಹಿಂದಿನ ಅಭಿಪ್ರಾಯ ಹಿಂದೆ ಸರಿದು, ಆಸ್ಥಾನಕವಿ ಶ್ರೀವಿಜಯನು ನೃಪತುಂಗನ ಸಮ್ಮತಿಯಿಂದ ರಚಿಸಿದನೆಂಬ ನಿಲುವು ಇಂದು ಬಲವಾಗಿದೆ. 1898ರಲ್ಲಿ ಕೆ.ಬಿ. ಪಾಠಕರ ಸಂಪಾದನೆಯಲ್ಲಿ ಅಚ್ಚಾದ ಮೇಲೆ ಈ ಕೃತಿ ಕನ್ನಡ ಸಾಹಿತ್ಯಚರಿತ್ರೆಯ ಆರಂಭಬಿಂದುವಾಯಿತು. ಮೂರು ಪರಿಚ್ಛೇದಗಳಲ್ಲಿ ಹರಡಿರುವ ಐನೂರಕ್ಕೂ ಹೆಚ್ಚು ಪದ್ಯಗಳಲ್ಲಿ ಮೊದಲ ಭಾಗ ದೋಷಗಳನ್ನೂ, ಎರಡನೆಯದು ಶಬ್ದಾಲಂಕಾರಗಳನ್ನೂ, ಮೂರನೆಯದು ಅರ್ಥಾಲಂಕಾರಗಳನ್ನೂ ವಿವರಿಸುತ್ತದೆ.

ಲಕ್ಷಣಗ್ರಂಥವೆಂದು ಇದನ್ನು ಕರೆಯುವುದು ವಾಡಿಕೆ. ಆದರೆ ಇದರ ಆರಂಭವು ಲಕ್ಷಣದ ಪಟ್ಟಿಯಿಂದ ಆಗುವುದಿಲ್ಲ. ಮಾತನಾಡುವ ಜನರಿಂದ ಆಗುತ್ತದೆ. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನವರು ಮಾತಿನ ಹದವನ್ನರಿತು ನುಡಿಯಬಲ್ಲರು, ನುಡಿದುದನ್ನು ಅರಿತು ತೂಗಬಲ್ಲರು, ಕ್ರಮವಾಗಿ ಓದದಿದ್ದರೂ ಕಾವ್ಯಪ್ರಯೋಗದಲ್ಲಿ ಪಳಗಿದ ಮನಸ್ಸುಳ್ಳವರು ಎಂದು ಶ್ರೀವಿಜಯನು ಹೇಳುವುದು ಪ್ರಸಿದ್ಧವಾಗಿದೆ. ಅದಕ್ಕೆ ಹೊಂದಿಕೊಂಡೇ ಬರುವ, ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಮಾತಿದೆ. ಓದಿದವರಲ್ಲದೆ ಉಳಿದವರೂ ತಮ್ಮ ತಮ್ಮ ನುಡಿಯಲ್ಲಿ ಜಾಣರೇ. ಚಿಕ್ಕ ಮಕ್ಕಳಿಗೂ ಮೂಗರಿಗೂ ತಿಳಿಸಿಕೊಟ್ಟರೆ ವಿವೇಕವೂ ಮಾತಿನ ಮರ್ಮವೂ ತಿಳಿಯುತ್ತವೆ ಎಂಬುದು ಅದರ ತಾತ್ಪರ್ಯ. ಕನ್ನಡದ ಮೊದಲ ಅಲಂಕಾರಗ್ರಂಥವು ಮಕ್ಕಳನ್ನು ಹೀಗೆ ನೆನೆದಿದೆ. ಅಲಂಕಾರವು ಮಗುವಿಗೆ ಹೊರಗಿನಿಂದ ತಂದು ತೊಡಿಸಬೇಕಾದ ವಸ್ತುವಲ್ಲ. ಅದರ ನುಡಿಯಲ್ಲಿ ಆಗಲೇ ಇರುವ ಜಾಣ್ಮೆಯನ್ನು ಗುರುತಿಸಿ ತಿದ್ದುವುದೇ ಶಾಸ್ತ್ರದ ಕೆಲಸ.

ಜಾಣ್ಮೆಗೆ ಶ್ರೀವಿಜಯನು ಒಂದು ಮೆಟ್ಟಿಲುಸಾಲನ್ನೂ ಕಟ್ಟುತ್ತಾನೆ. ತನ್ನ ಮನಸ್ಸಿನಲ್ಲಿರುವುದನ್ನು ಇತರರಿಗೆ ತಿಳಿಸಬಲ್ಲವನು ಮಾತು ಬಲ್ಲವನು. ಕಿರಿದಾದ ಮಾತಿನಲ್ಲಿ ಹಿರಿದಾದ ಅರ್ಥವನ್ನು ತಿಳಿಸಬಲ್ಲವನು ಅವನಿಗಿಂತ ನಿಪುಣ. ಅದನ್ನು ಛಂದಸ್ಸಿಗೆ ಹೊಂದಿಸಬಲ್ಲವನು ಇನ್ನೂ ಜಾಣ. ಮಹಾಕೃತಿಗಳನ್ನು ರಚಿಸಬಲ್ಲವನು ಎಲ್ಲರಿಗಿಂತ ಮೇಲು. ಮಹಾಕವಿ ನಿಂತಿರುವ ಏಣಿಯ ಮೊದಲ ಮೆಟ್ಟಿಲಲ್ಲಿಯೇ ಮನೆಮಾತಿನವನೂ ನಿಂತಿದ್ದಾನೆ ಎಂಬುದು ಇಲ್ಲಿ ಗಮನಾರ್ಹ.

ಶಾಸ್ತ್ರವನ್ನು ಹೇಳುವಾಗಲೂ ಶ್ರೀವಿಜಯನು ಹೋಲಿಕೆಯನ್ನೇ ಆಶ್ರಯಿಸುತ್ತಾನೆ. ಸಂಸ್ಕೃತ ಪದಗಳನ್ನು ಕನ್ನಡ ಪದಗಳೊಡನೆ ಔಚಿತ್ಯವರಿಯದೆ ಸಮಾಸ ಮಾಡಿದರೆ, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರೆಸಿದಂತೆ ವಿರಸವಾಗುತ್ತದೆ ಎಂಬುದು ಅವನ ಎಚ್ಚರಿಕೆ. ಹಾಲು ಒಳ್ಳೆಯದು, ಮಜ್ಜಿಗೆಯೂ ಒಳ್ಳೆಯದು. ಕೂಡಿದಾಗ ಎರಡೂ ಕೆಡುತ್ತವೆ. ಯಾವ ಭಾಷೆಯನ್ನೂ ಹೀಗಳೆಯದೆ ಬೆರಕೆಯ ಕ್ರಮವನ್ನು ಮಾತ್ರ ದೋಷವೆಂದು ತೋರಿಸುವ ಈ ಸೂಕ್ಷ್ಮವನ್ನು ಲಕ್ಷಣವಾಕ್ಯದಲ್ಲಿ ಹೇಳಹೊರಟರೆ ಅನೇಕ ಉಪವಾಕ್ಯಗಳು ಬೇಕಾಗುತ್ತವೆ. ಒಲೆಯ ಮುಂದೆ ಕುಳಿತವರಿಗೆ ಅದು ಒಂದೇ ಉಪಮೆಯಲ್ಲಿ ತಿಳಿಯುತ್ತದೆ. ಈ ಉಪಮೆಯು ನಿಯಮವನ್ನು ಸಿಂಗರಿಸುತ್ತಿಲ್ಲ. ನಿಯಮದ ಕಾರಣವನ್ನೇ ಕಾಣಿಸುತ್ತಿದೆ.

ಎರಡೂವರೆ ಶತಮಾನಗಳ ಬಳಿಕ, 1112ರಲ್ಲಿ, ಮುಳುಗುಂದದ ನಯಸೇನನು ‘ಧರ್ಮಾಮೃತ’ದಲ್ಲಿ ಅದೇ ಸಮಸ್ಯೆಯನ್ನು ಇನ್ನೊಂದು ಹೋಲಿಕೆಯಿಂದ ಮುಟ್ಟುತ್ತಾನೆ. ಅವನ ದೃಷ್ಟಿಯಲ್ಲಿ ಸಕ್ಕದವನ್ನೂ ಕನ್ನಡವನ್ನೂ ಕೂಡಿಸುವುದು ತುಪ್ಪವನ್ನೂ ಎಣ್ಣೆಯನ್ನೂ ಬೆರೆಸಿದಂತೆ. ಹದಿನಾಲ್ಕು ಆಶ್ವಾಸಗಳ ಈ ಜೈನಕೃತಿ ಪಂಡಿತರಿಗಿಂತ ಸಾಮಾನ್ಯ ಶ್ರಾವಕರನ್ನು ಉದ್ದೇಶಿಸಿದ್ದು. ಸಮ್ಯಕ್ತ್ವ, ಅಣುವ್ರತ ಮೊದಲಾದ ತತ್ತ್ವಗಳನ್ನು ಕಥೆಗಳ ಮೂಲಕ ಹೇಳುವಾಗ ನಯಸೇನನು ಅಡುಗೆಮನೆ, ಹೊಲ, ಸಂತೆ, ದನಕರುಗಳ ಲೋಕದಿಂದ ಹೋಲಿಕೆಗಳನ್ನು ಒಂದರ ಮೇಲೊಂದು ಪೋಣಿಸುತ್ತಾನೆ. ಮಾಲೋಪಮೆಯೆಂಬ ಹೆಸರು ಅದಕ್ಕೆ ಸಲ್ಲುತ್ತದೆ. ಕೆಲವೆಡೆ ಈ ಸರಣಿ ಅತಿಯಾಯಿತೆಂಬ ಆಕ್ಷೇಪವೂ ವಿಮರ್ಶೆಯಲ್ಲಿದೆ. ಆದರೆ ಅದರ ಹಿಂದಿರುವ ಬೋಧಕಬುದ್ಧಿಯನ್ನು ಮರೆಯುವಂತಿಲ್ಲ. ಒಂದು ಹೋಲಿಕೆ ಒಕ್ಕಲಿಗನಿಗೆ ತಲುಪದಿದ್ದರೆ ಮುಂದಿನದು ವ್ಯಾಪಾರಿಗೆ ತಲುಪುತ್ತದೆ. ಕೇಳುಗರು ಒಬ್ಬರಲ್ಲ ಎಂಬ ಅರಿವೇ ಮಾಲೋಪಮೆಯ ಮೂಲವಾಗಿದೆ.

ಕವಿರಾಜಮಾರ್ಗದ ಮೂರನೆಯ ಪರಿಚ್ಛೇದದಲ್ಲಿ, ದಂಡಿಯಲ್ಲಿ ಕಾಣದ ಒಂದು ಹೆಸರು ಅಲಂಕಾರಗಳ ಸಾಲಿಗೆ ಸೇರಿದೆ. ಅದು ಧ್ವನಿ. ತಾವರೆಯೊಂದರಲ್ಲಿ ಜೋಡಿಮೀನುಗಳು ಕಾಣುವ ಸೋಜಿಗವನ್ನು ಶ್ರೀವಿಜಯನು ಅದಕ್ಕೆ ಉದಾಹರಿಸುತ್ತಾನೆ. ತಾವರೆ ಎಂದರೆ ಮುಖ, ಮೀನುಗಳೆಂದರೆ ಕಣ್ಣುಗಳು ಎಂಬುದನ್ನು ಪದ್ಯವು ಬಾಯಿಬಿಟ್ಟು ಹೇಳುವುದಿಲ್ಲ; ಓದುಗನೇ ಗ್ರಹಿಸಬೇಕು. ಸರಿಸುಮಾರು ಇದೇ ಕಾಲದಲ್ಲಿ ಕಾಶ್ಮೀರದಲ್ಲಿ, ಅವಂತಿವರ್ಮನ ಆಳ್ವಿಕೆಯಲ್ಲಿ, ಆನಂದವರ್ಧನನು ಧ್ವನಿಯನ್ನು ಕಾವ್ಯದ ಆತ್ಮವೆಂದು ಪ್ರತಿಪಾದಿಸಿದನು. ಇಬ್ಬರ ನಡುವಣ ಸಂಬಂಧದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಶ್ರೀವಿಜಯನಿಗೆ ಧ್ವನಿ ಅನೇಕ ಅಲಂಕಾರಗಳಲ್ಲಿ ಒಂದು. ಆನಂದವರ್ಧನನಿಗೆ ಅದು ಅಲಂಕಾರಗಳಿಗೆಲ್ಲ ಮೇಲಾದುದು. ಆದರೂ ಹೇಳದೆ ಉಳಿದದ್ದನ್ನು ಅರಿಯುವುದು ಓದಿನ ಭಾಗವೆಂಬ ವಿಚಾರಕ್ಕೆ ಮಾನ್ಯಖೇಟದಲ್ಲಿಯೂ ಕಾಶ್ಮೀರದಲ್ಲಿಯೂ ಒಂದೇ ಶತಮಾನದಲ್ಲಿ ಹೆಸರು ದೊರೆಯಿತು ಎಂಬುದು ಚರಿತ್ರೆಯ ದೃಷ್ಟಿಯಿಂದ ಸಣ್ಣ ಸಂಗತಿಯಲ್ಲ.

ಧ್ವನಿಸಿದ್ಧಾಂತವು ನೆಲೆಗೊಂಡ ಮೇಲೆ ಭಾಮಹನೂ ದಂಡಿಯೂ ಚರ್ಚಿಸಿದ ಸೂರ್ಯಾಸ್ತದ ಮಾತು ಮತ್ತೊಮ್ಮೆ ಶಾಸ್ತ್ರದೊಳಗೆ ಬರುತ್ತದೆ. ಹನ್ನೊಂದನೆಯ ಶತಮಾನದ ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ವಾಚ್ಯಾರ್ಥಕ್ಕೂ ವ್ಯಂಗ್ಯಾರ್ಥಕ್ಕೂ ಇರುವ ಅಂತರವನ್ನು ತೋರಿಸಲು ಅದನ್ನೇ ಬಳಸುತ್ತಾನೆ. ವಾಚ್ಯಾರ್ಥವು ಎಲ್ಲ ಕೇಳುಗರಿಗೂ ಒಂದೇ: ಹೊತ್ತು ಮುಳುಗಿತು. ಆದರೆ ಹೇಳುವವನು, ಕೇಳುವವನು, ಸಂದರ್ಭ ಇವುಗಳಿಗೆ ತಕ್ಕಂತೆ ಅದರಿಂದ ಹೊರಡುವ ಅರ್ಥಗಳಿಗೆ ಎಣಿಕೆಯಿಲ್ಲ. ದಾಳಿಗೆ ಸಿದ್ಧನಾದ ಅರಸನಿಗೆ ಶತ್ರುವಿನ ಮೇಲೆ ಬೀಳಲು ಇದೇ ಸಮಯ. ದುಡಿಯುವವನಿಗೆ ಕೆಲಸ ನಿಲ್ಲಿಸುವ ವೇಳೆ. ಗೋವಳನಿಗೆ ದನಗಳನ್ನು ಮನೆಗೆ ಹೊಡೆಯುವ ಹೊತ್ತು. ವರ್ತಕನಿಗೆ ಸರಕನ್ನು ಕಟ್ಟುವ ಸೂಚನೆ. ನಲ್ಲನ ದಾರಿ ಕಾಯುವವಳಿಗೆ ಅವನು ಇನ್ನೇನು ಬರುವನೆಂಬ ಭರವಸೆ. ಈ ಸಾಲಿಗೆ ಕನ್ನಡನಾಡಿನ ಶ್ರಾವಕರ ಮನೆಯನ್ನೂ ಸೇರಿಸಬಹುದು. ರಾತ್ರಿಭೋಜನತ್ಯಾಗವನ್ನು ಪಾಲಿಸುವ ಮನೆಯಲ್ಲಿ ‘ಹೊತ್ತು ಮುಳುಗಿತು’ ಎಂದು ಹಿರಿಯರು ನುಡಿದರೆ, ಇನ್ನು ಅನ್ನದ ಮಾತಿಲ್ಲ ಎಂದೇ ಅರ್ಥ. ಅಂಥ ಮನೆಯ ಮಗುವಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಹೀಗೆ ಒಂದು ಸರಳವಾದ ಮಾತು ನಾಲ್ಕು ಶತಮಾನಗಳಿಗಿಂತ ಹೆಚ್ಚಿನ ಅವಧಿಯಲ್ಲಿ ಮೂರು ತೀರ್ಪುಗಳನ್ನು ಪಡೆಯಿತು. ಭಾಮಹನಿಗೆ ಅದು ವಾರ್ತೆ. ದಂಡಿಗೆ ಸಂದರ್ಭದಲ್ಲಿ ಸೊಗಸಾದ ನುಡಿ. ಮಮ್ಮಟನಿಗೆ ಅನಂತ ಅರ್ಥಗಳ ನೆಲೆ. ಮಾತು ಬದಲಾಗಲಿಲ್ಲ. ಅದನ್ನು ನೋಡುವ ಕಣ್ಣು ಪದಗಳಿಂದ ಸಂದರ್ಭಕ್ಕೆ, ಸಂದರ್ಭದಿಂದ ಕೇಳುಗನ ಮನಸ್ಸಿಗೆ ಚಲಿಸಿತು.

ಇದರ ಜೊತೆಯಲ್ಲಿಯೇ ಇನ್ನೊಂದು ಪ್ರವೃತ್ತಿಯೂ ಬೆಳೆಯಿತು. ಭರತನ ನಾಟ್ಯಶಾಸ್ತ್ರದಲ್ಲಿ ಅಲಂಕಾರಗಳು ನಾಲ್ಕೇ: ಉಪಮೆ, ರೂಪಕ, ದೀಪಕ, ಯಮಕ. ದಂಡಿಯಲ್ಲಿ ಅರ್ಥಾಲಂಕಾರಗಳು 35 ಆದವು. ಉಪಮೆಯೊಂದಕ್ಕೇ ಮೂವತ್ತಕ್ಕೂ ಹೆಚ್ಚು ಪ್ರಭೇದಗಳು ಬಂದವು. ಹದಿನಾರನೆಯ ಶತಮಾನದ ಅಪ್ಪಯ್ಯ ದೀಕ್ಷಿತನ ‘ಕುವಲಯಾನಂದ’ದಲ್ಲಿ ಸಂಖ್ಯೆ ನೂರನ್ನು ದಾಟಿತು. ಈ ಗ್ರಂಥವು ಅಲಂಕಾರಶಾಸ್ತ್ರಕ್ಕೆ ಇಳಿಯುವ ಬಾಲರಿಗಾಗಿ, ಅಂದರೆ ಆರಂಭದ ವಿದ್ಯಾರ್ಥಿಗಳಿಗಾಗಿ, ಎಂದು ಕರ್ತೃವೇ ಹೇಳಿಕೊಂಡಿದ್ದಾನೆ. ಜಯದೇವನ ‘ಚಂದ್ರಾಲೋಕ’ವನ್ನು ಆಧರಿಸಿದ ಇದರಲ್ಲಿ ಶ್ಲೋಕದ ಮೊದಲರ್ಧ ಲಕ್ಷಣ, ಎರಡನೆಯ ಅರ್ಧ ಲಕ್ಷ್ಯ. ಕಂಠಪಾಠಕ್ಕೆ ಇದಕ್ಕಿಂತ ಅನುಕೂಲವಾದ ವಿಧಾನವಿಲ್ಲ. ಇಂದಿನ ಶಾಲಾವ್ಯಾಕರಣದ ಲಕ್ಷಣ, ಲಕ್ಷ್ಯ, ಸಮನ್ವಯ ಎಂಬ ಕ್ರಮವು ಈ ಬಗೆಯ ಬೋಧನಪರಂಪರೆಗೆ ಹತ್ತಿರವಾದುದು.

ಕನ್ನಡದಲ್ಲಿಯೂ ಲಕ್ಷಣಗ್ರಂಥಗಳ ಧಾರೆ ಮುಂದುವರಿಯಿತು. ಕಟಕೋಪಾಧ್ಯಾಯನೆಂದು ಹೆಸರಾದ ಎರಡನೆಯ ನಾಗವರ್ಮನು ‘ಕಾವ್ಯಾವಲೋಕನ’ವನ್ನು ಐದು ಅಧಿಕರಣಗಳಲ್ಲಿ ವಿಭಾಗಿಸಿ, ವ್ಯಾಕರಣವನ್ನು ಹೇಳುವ ‘ಶಬ್ದಸ್ಮೃತಿ’ಯಿಂದ ಆರಂಭಿಸಿದನು, ದೋಷ, ಗುಣ, ರೀತಿ, ರಸಗಳನ್ನು ದಾಟಿ ಕವಿಸಮಯದಲ್ಲಿ ಮುಗಿಸಿದನು. ಪದವನ್ನು ಅರಿಯದೆ ಅಲಂಕಾರವನ್ನು ಅರಿಯಲಾಗದೆಂಬ ಉಪಾಧ್ಯಾಯನ ವಿವೇಕ ಈ ಅನುಕ್ರಮದಲ್ಲಿದೆ. ಪೂರ್ವಕವಿಗಳ ಪದ್ಯಗಳನ್ನು ಅವನು ಉದಾಹರಣೆಗಳಾಗಿ ಆರಿಸಿಕೊಂಡದ್ದರಿಂದ ವಿದ್ಯಾರ್ಥಿ ಲಕ್ಷಣದೊಡನೆ ಕಾವ್ಯವನ್ನೂ ಕಂಡನು. ‘ಉದಯಾದಿತ್ಯಾಲಂಕಾರ’, ದಂಡಿಯನ್ನು ಕನ್ನಡಿಸಿದ ‘ಮಾಧವಾಲಂಕಾರ’, ಸಾಳ್ವಕವಿಯ ‘ರಸರತ್ನಾಕರ’ ಈ ಧಾರೆಯ ಮುಂದಿನ ಕೃತಿಗಳು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲಕ್ಕೆ, ತಿರುಮಲಾರ್ಯನ ‘ಅಪ್ರತಿಮವೀರಚರಿತೆ’ಯಲ್ಲಿ, ಅಲಂಕಾರಗಳ ಉದಾಹರಣೆಗಳು ಅರಸನ ಸ್ತುತಿಯಾಗಿ ಪರಿಣಮಿಸಿದವು. ಲಕ್ಷಣಕ್ಕೆಂದೇ ರಚಿಸಿದ ಪದ್ಯವು ಲಕ್ಷಣವನ್ನು ಅಚ್ಚುಕಟ್ಟಾಗಿ ತೋರಿಸುತ್ತದೆ. ಆದರೆ ಸಂದರ್ಭದ ಒತ್ತಡದಿಂದ ಹುಟ್ಟಿದ ಕಾವ್ಯದ ಮಾತಿನಂತೆ ಅದು ಓದುಗನಿಗೆ ಪ್ರಶ್ನೆಗಳನ್ನು ಹಾಕುವುದಿಲ್ಲ.

ಆಧುನಿಕ ಕಾಲದಲ್ಲಿ ಈ ಎರಡು ಪ್ರವೃತ್ತಿಗಳನ್ನು ಸಮಗ್ರವಾಗಿ ನೋಡಿ ಕನ್ನಡಿಗರ ಮುಂದಿಟ್ಟ ಗ್ರಂಥ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’. 1953ರಲ್ಲಿ ಪ್ರಕಟವಾದ ಈ ಕೃತಿ ಅಲಂಕಾರವನ್ನು ರಸ, ಧ್ವನಿ, ಔಚಿತ್ಯಗಳ ಸನ್ನಿಧಿಯಲ್ಲಿರಿಸಿ ವಿವೇಚಿಸಿತು. ಉನ್ನತ ಶಿಕ್ಷಣದಲ್ಲಿ ಈ ದೃಷ್ಟಿ ನೆಲೆಗೊಂಡಿತು. ಶಾಲೆಯ ಪಾಠಕ್ಕೆ ಮಾತ್ರ ಪಟ್ಟಿಯ ದಾರಿಯೇ ಮುಖ್ಯವಾಗಿ ಉಳಿಯಿತು.

ಹಾಗೆಂದು ಪಟ್ಟಿಯನ್ನು ತಿರಸ್ಕರಿಸಬೇಕಾಗಿಲ್ಲ. ನಾಲ್ಕು ಅಂಗಗಳ ವಿಭಜನೆ ಸರಿಯಾಗಿ ಬಳಸಿದರೆ ಹರಿತವಾದ ಸಾಧನ. ‘ಅಜ್ಜನ ಅಂಗೈ ಬರಗಾಲದ ಕೆರೆಯಂತೆ ಬಿರುಕುಬಿಟ್ಟಿತ್ತು’ ಎಂಬ ವಾಕ್ಯವನ್ನು ತೆಗೆದುಕೊಳ್ಳಬಹುದು. ಅಂಗೈ ಉಪಮೇಯ, ಕೆರೆ ಉಪಮಾನ, ಬಿರುಕುಬಿಡುವುದು ಸಮಾನಧರ್ಮ, ‘ಅಂತೆ’ ವಾಚಕಪದ. ಪರೀಕ್ಷೆಯ ಉತ್ತರ ಇಲ್ಲಿಗೆ ಮುಗಿಯುತ್ತದೆ. ಓದು ಇಲ್ಲಿಂದ ಆರಂಭವಾಗಬೇಕು. ಬಿರುಕುಬಿಡುವ ವಸ್ತುಗಳು ಅನೇಕವಿವೆ: ಹಳೆಯ ಗೋಡೆ, ಒಣಗಿದ ಮರ, ಒಡೆದ ಮಡಕೆ. ಅವುಗಳನ್ನು ಬಿಟ್ಟು ಕೆರೆಯನ್ನೇ ಏಕೆ ತರಬೇಕಾಯಿತು? ಕೆರೆಯಲ್ಲಿ ಒಮ್ಮೆ ನೀರಿತ್ತು. ಅದು ಊರನ್ನು ಸಾಕಿತ್ತು. ಮಳೆ ಬಂದರೆ ಮತ್ತೆ ತುಂಬೀತು. ಗೋಡೆಗೆ ಈ ಭೂತವೂ ಇಲ್ಲ, ಭವಿಷ್ಯವೂ ಇಲ್ಲ. ಸಮಾನಧರ್ಮವೆಂದು ಬರೆದ ಒಂದು ಪದದ ಹಿಂದೆ ಇಷ್ಟೆಲ್ಲ ನಿಂತಿದೆ.

ಅದೇ ಮಾತನ್ನು ‘ಅಜ್ಜನ ಅಂಗೈ ಬರಗಾಲದ ಕೆರೆ’ ಎಂದು ರೂಪಕವಾಗಿಸಿದರೆ ವಾಚಕಪದವೂ ಸಮಾನಧರ್ಮವೂ ಮರೆಯಾಗುತ್ತವೆ. ಹೋಲಿಕೆಯ ಕಾರಣವನ್ನು ಹುಡುಕುವ ಹೊಣೆ ಓದುಗನ ಮೇಲೆ ಬೀಳುತ್ತದೆ. ‘ಅಂಗೈಯ ಬಿರುಕುಗಳು ಮಳೆಗಾಗಿ ಬಾಯ್ದೆರೆದಿವೆಯೋ ಎಂಬಂತಿದ್ದವು’ ಎಂದರೆ ಉತ್ಪ್ರೇಕ್ಷೆ. ಈಗ ಕಣ್ಣಿಗೆ ಕಂಡದ್ದರ ಮೇಲೆ ನೋಡುವವನ ಊಹೆಯೂ ಮರುಕವೂ ಸೇರಿವೆ. ಮೂರು ಅಲಂಕಾರಗಳು ಒಂದೇ ಸಂಗತಿಗೆ ತೊಡಿಸಿದ ಮೂರು ಬಗೆಯ ಒಡವೆಗಳಲ್ಲ. ಮೊದಲನೆಯದು ತೋರಿಸುತ್ತದೆ, ಎರಡನೆಯದು ಒಂದಾಗಿಸುತ್ತದೆ, ಮೂರನೆಯದು ಊಹಿಸುತ್ತದೆ. ಈ ವ್ಯತ್ಯಾಸವನ್ನು ಏಳನೆಯ ತರಗತಿಯ ಮಗು ಹೆಸರುಗಳಿಗಿಂತ ಮೊದಲೇ ಗ್ರಹಿಸಬಲ್ಲದು. ಗ್ರಹಿಸಿದ ಮೇಲೆ ಹೆಸರು ಕೊಟ್ಟರೆ ಅದು ನೆನಪಿನ ಹೊರೆಯಾಗುವುದಿಲ್ಲ. ಸಮನ್ವಯ ಎಂಬ ಪದದ ನಿಜವಾದ ಅರ್ಥವೂ ಇದೇ: ಲಕ್ಷಣವನ್ನು ಈ ಮಾತಿನೊಡನೆ, ಈ ಸಂದರ್ಭದೊಡನೆ ಹೊಂದಿಸಿ ನೋಡುವುದು.

ಹೊಂದಿಸಿ ನೋಡುವ ಕಣ್ಣಿನ ಬೆಲೆಯನ್ನು ತಿಳಿಯಲು ಪಂಪನು 941ರಲ್ಲಿ ರಚಿಸಿದ ‘ಆದಿಪುರಾಣ’ದ ನೀಲಾಂಜನೆಯ ಪ್ರಸಂಗಕ್ಕಿಂತ ಉತ್ತಮವಾದ ಪಾಠ ಕನ್ನಡದಲ್ಲಿ ವಿರಳ. ವೃಷಭನಾಥನ ಸಭೆಯಲ್ಲಿ ನರ್ತಿಸುತ್ತಿದ್ದ ದೇವನರ್ತಕಿಯ ಆಯುಷ್ಯವು ನಾಟ್ಯದ ನಡುವೆಯೇ ತೀರಿ ಅವಳು ಮರೆಯಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣದಲ್ಲಿಯೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ನಾಟ್ಯವು ತಡೆಯಿಲ್ಲದೆ ಸಾಗುತ್ತದೆ. ಸಭೆ ಏನನ್ನೂ ಅರಿಯದು. ವೃಷಭನಾಥನೊಬ್ಬನು ಅರಿಯುತ್ತಾನೆ. ಮರೆಯಾದ ನರ್ತಕಿಯಲ್ಲಿ ಅವನಿಗೆ ದೇಹದ, ಐಶ್ವರ್ಯದ, ಸಂಸಾರದ ಅನಿತ್ಯತೆ ಕಾಣುತ್ತದೆ. ವೈರಾಗ್ಯಕ್ಕೆ ಅದೇ ನಿಮಿತ್ತವಾಗುತ್ತದೆ. ಸಭೆಯಲ್ಲಿದ್ದವರೆಲ್ಲ ನೃತ್ಯವನ್ನು ಬಲ್ಲವರೇ ಆಗಿದ್ದರು. ಕರಣ, ಅಂಗಹಾರಗಳ ಹೆಸರುಗಳನ್ನು ಅವರು ತಪ್ಪಿಲ್ಲದೆ ಹೇಳಿಯಾರು. ಕಂಡದ್ದು ಎಲ್ಲರಿಗೂ ಒಂದೇ ಆಗಿತ್ತು, ಅರ್ಥವಾದದ್ದು ಒಬ್ಬನಿಗೆ.

ತಿಳಿಸಿಕೊಟ್ಟರೆ ಚಿಕ್ಕ ಮಕ್ಕಳೂ ಮಾತಿನ ವಿವೇಕವನ್ನು ಅರಿಯುತ್ತಾರೆಂದು ಶ್ರೀವಿಜಯನು ಇಟ್ಟ ನಂಬಿಕೆಗೆ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳಾದವು. ಆ ನಂಬಿಕೆಯನ್ನು ಉಳಿಸಿಕೊಳ್ಳಲು ಪಠ್ಯಕ್ರಮವನ್ನು ಬದಲಿಸಬೇಕಾದುದು ಅಷ್ಟೇನೂ ಇಲ್ಲ. ಅಲಂಕಾರದ ಹೆಸರನ್ನು ಕೇಳುವ ಪ್ರಶ್ನೆಯ ಕೆಳಗೆ ಇನ್ನೊಂದು ಸಾಲು ಸೇರಿದರೆ ಸಾಕು: ಈ ಮಾತನ್ನು ಯಾರು, ಯಾರಿಗೆ, ಯಾವಾಗ ಹೇಳಿದರು, ಹೋಲಿಕೆಯನ್ನು ತೆಗೆದರೆ ಏನು ಕಳೆದುಹೋಗುತ್ತದೆ?